ಎತ್ತು ಮೊದಲು, ನೊಗ ಆಮೇಲೆ: ಗುರಿಗಾರರ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಒಂದು ಭಾಳ ದೂರದಿಂದ ಬಂದಿದೆ. ಪ್ರಶ್ನೆಯೂ ದೊಡ್ಡದು. ಅದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು: ನಾನು ಸೇನೆಯಲ್ಲಿ 22 ವರ್ಷ ಆರ್ಮರರ್ ಆಗಿದ್ದವನು. ಅಂದರೆ ಬಂದೂಕು ರಿಪೇರಿಯವನು. ಅದರಲ್ಲಿ ಕೊನೆಯ ಆರು ವರ್ಷ ಶೂಟಿಂಗ್ ತಂಡದ ಜೊತೆಗಿದ್ದೆ. ಪದಕ ಹೊಡೆದವರು ಬೇರೆಯವರು, ಸ್ಕ್ರೂ ಬಿಗಿ ಮಾಡಿದವನು ನಾನು. ಈಗ ಕಲಬುರಗಿಯಲ್ಲಿ ಮನೆ, ಸೇಡಂ ಕಡೆ ಐದು ಎಕರೆ ತೊಗರಿ.

ಪ್ರಶ್ನೆ: ನಾನು ಬೀದರ್ ಜಿಲ್ಲೆ ಹುಮನಾಬಾದಿನವನು. ಈಗ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕೆಲಸ. ಒಂದು ವರ್ಷದಿಂದ ರೈಫಲ್ ಕ್ಲಬ್ಬಿಗೆ ಹೋಗಿ ಕ್ಲಬ್ಬಿನ ರೈಫಲ್‌ನಲ್ಲೇ ಹೊಡೆಯುತ್ತಿದ್ದೇನೆ. ಲೈಸೆನ್ಸ್ ಸಿಕ್ಕಿದೆ. 1000 ಗಜದವರೆಗಿನ ಎಫ್-ಕ್ಲಾಸ್ ಸ್ಪರ್ಧೆಗೆ ಇಳಿಯುವ ಆಸೆ. ಕ್ಲಬ್ಬಿನಲ್ಲಿ ಅರ್ಧ ಜನ ಫ್ಯಾಕ್ಟರಿ ರೈಫಲ್ ಸಾಕು ಅನ್ನುತ್ತಾರೆ. ಇನ್ನರ್ಧ ಜನ, ಎರಡು ಸಲ ರೊಕ್ಕ ಹಾಕಬೇಡ, ಮೊದಲೇ ಕಸ್ಟಮ್ ಮಾಡಿಸು ಅನ್ನುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ಫ್ಯಾಕ್ಟರಿಯದೇ ತಗೊಳ್ಳಿ. ಯಾಕೆ ಅಂತ ಹೇಳುವ ಮುಂಚೆ, ಈ ಆಟ ಗೊತ್ತಿಲ್ಲದ ನಮ್ಮ ಓದುಗರಿಗೆ ನಾಲ್ಕು ಸಾಲು.

ಎಫ್-ಕ್ಲಾಸ್‌ನ ಆ 'ಎಫ್' ಕೆನಡಾದ ಜಾರ್ಜ್ ಫಾರ್ಕರ್‌ಸನ್ ಅವರ ಹೆಸರಿನಿಂದ ಬಂದದ್ದು. ಹಳೆಯ ಟಾರ್ಗೆಟ್ ರೈಫಲ್ ಆಟದಲ್ಲಿ ತೋಳಿಗೆ ಪಟ್ಟಿ ಸುತ್ತಿಕೊಂಡು, ದುರ್ಬೀನು ಇಲ್ಲದೆ, ಸಣ್ಣ ತೂತಿನ ಸೈಟಿನಲ್ಲಿ ನೋಡಿ ಹೊಡೆಯಬೇಕು. ವಯಸ್ಸಾದ ಮೇಲೆ ಕಣ್ಣು, ಮೊಣಕೈ ಕೈಕೊಡುತ್ತವೆ. ಅಂಥವರಿಗೂ ಆಟ ಉಳಿಯಲಿ ಅಂತ ರೈಫಲ್‌ಗೆ ಆಸರೆ, ಮೇಲೆ ದುರ್ಬೀನು ಇರುವ ಈ ಬಗೆ ಶುರುವಾಯಿತು. ಇದರಲ್ಲಿ ಎಫ್-ಟಿಆರ್ ಅಂದರೆ .223 ಅಥವಾ .308 ಗುಂಡು ಮಾತ್ರ (ಇವು ಇಂಚಿನಲ್ಲಿ ಗುಂಡಿನ ದಪ್ಪ, ಸುಮಾರಾಗಿ). ಆಸರೆಯ ಕಾಲು, ದುರ್ಬೀನು ಎಲ್ಲ ಸೇರಿ 8.25 ಕಿಲೋ ದಾಟಬಾರದು. ಎಫ್-ಓಪನ್‌ನಲ್ಲಿ 10 ಕಿಲೋವರೆಗೆ ಹೋಗಬಹುದು, ಗುಂಡಿನ ಆಯ್ಕೆಯೂ ಜಾಸ್ತಿ. 1000 ಗಜ ಅಂದರೆ 914 ಮೀಟರ್. ಅಷ್ಟು ದೂರದಲ್ಲಿ ಎಮ್ಮೆಯೂ ಇರುವೆಯಂತೆ ಕಾಣುತ್ತದೆ. ಅಲ್ಲಿ ನೀವು ಹೊಡೆಯಬೇಕಾದ ನಡುವಿನ ವೃತ್ತ ಸುಮಾರು 10 ಇಂಚು. ನಮ್ಮ ಮನೆಯ ಜೋಳದ ರೊಟ್ಟಿಯಷ್ಟು ಅಗಲ.

ಈಗ ರೈಫಲ್‌ಗೆ ಬರೋಣ. ಫ್ಯಾಕ್ಟರಿ ಅಂದರೆ ಟಿಕ್ಕಾ, ಸ್ಯಾವೇಜ್, ರೂಗರ್, 1962ರಿಂದ ಬರುತ್ತಿರುವ ರೆಮಿಂಗ್ಟನ್ 700, ಇಂಥವು. ಪೆಟ್ಟಿಗೆ ಬಿಚ್ಚಿ ದುರ್ಬೀನು ಕೂರಿಸಿದರೆ ರೇಂಜಿಗೆ ಹೋಗಬಹುದು. ಕಸ್ಟಮ್ ಅಂದರೆ ಒಬ್ಬನೇ ಬಡಿಗ ಎಲ್ಲವನ್ನೂ ಕೆತ್ತಿ ಕೊಡುತ್ತಾನೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಆ್ಯಕ್ಷನ್, ಅಂದರೆ ಬೋಲ್ಟು ಕೂರುವ ನಡುವಿನ ಯಂತ್ರಭಾಗ, ನ್ಯೂಜಿಲೆಂಡಿನ ಬಾರ್ನಾರ್ಡ್‌ನದು, ಬ್ಯಾರೆಲ್ ಅಮೆರಿಕದ ಕ್ರೀಗರ್ ಅಥವಾ ಬಾರ್ಟ್‌ಲೈನ್‌ನದು, ಟ್ರಿಗರ್ ಇನ್ನೊಬ್ಬರದು, ಇವೆಲ್ಲ ಕೂರುವ ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಡಿ, ಮತ್ತೊಬ್ಬರದು. ಇವನ್ನೆಲ್ಲ ಗನ್‌ಸ್ಮಿತ್ ಕೂದಲೆಳೆಯ ಲೆಕ್ಕದಲ್ಲಿ ಜೋಡಿಸುತ್ತಾನೆ. ಅವನ ಕೈಗುಣಕ್ಕೆ ನೀವು ರೊಕ್ಕ ಕೊಡುತ್ತೀರಿ. ಒಳ್ಳೆಯ ಕೈ ಸಿಕ್ಕರೆ ಆ ರೊಕ್ಕ ದಂಡವಲ್ಲ, ಅದನ್ನು ನಾನು ಒಪ್ಪುತ್ತೇನೆ.

ಆದರೆ ಲೆಕ್ಕ ಹಾಕಿ ನೋಡಿ. ಗುರಿಗಾರರು 'ಮಿನಿಟ್' ಅನ್ನುವ ಕೋನದ ಅಳತೆ ಬಳಸುತ್ತಾರೆ. ಒಂದು ಮಿನಿಟ್ ಅಂದರೆ 1000 ಗಜದಲ್ಲಿ ಸುಮಾರು ಹತ್ತೂವರೆ ಇಂಚು. ಒಳ್ಳೆಯ ಫ್ಯಾಕ್ಟರಿ ರೈಫಲ್, ಒಳ್ಳೆಯ ಗುಂಡು ಹಾಕಿದರೆ, ಮುಕ್ಕಾಲು ಮಿನಿಟ್‌ನಿಂದ ಒಂದು ಮಿನಿಟ್ ಒಳಗೆ ಗುಂಪು ಕಟ್ಟುತ್ತದೆ, ಅಂದರೆ ಹೊಡೆದ ಗುಂಡುಗಳೆಲ್ಲ ಅಷ್ಟು ಅಗಲದೊಳಗೆ ಬೀಳುತ್ತವೆ. ಕಸ್ಟಮ್ ಅರ್ಧ ಮಿನಿಟ್, ಕೈ ಚೆನ್ನಾಗಿದ್ದರೆ ಅದಕ್ಕೂ ಕಡಿಮೆ. ಅಂದರೆ ಫ್ಯಾಕ್ಟರಿಯದು ಎಂಟು-ಹತ್ತು ಇಂಚಿನ ಗುಂಪು, ಕಸ್ಟಮ್‌ದು ಐದು ಇಂಚಿನ ಗುಂಪು. ನಡುಬಿಂದುವಿನಿಂದ ಅಳೆದರೆ ಆ ಕಡೆ ಈ ಕಡೆ ಹೆಚ್ಚೆಂದರೆ ಎರಡೂವರೆ ಇಂಚಿನ ಉಳಿತಾಯ. ನೀವು ಕೊಡುವ ಹೆಚ್ಚಿನ ರೊಕ್ಕಕ್ಕೆ ಸಿಗುವುದು ಇಷ್ಟು.

ಇನ್ನು ಗಾಳಿ. .308ರ 155 ಗ್ರೇನ್ (ಸುಮಾರು 10 ಗ್ರಾಂ) ಗುಂಡು 1000 ಗಜ ಮುಟ್ಟಲು ಒಂದೂವರೆ ಸೆಕೆಂಡಿನಷ್ಟು ಹೊತ್ತು ಬೇಕು. ಅಷ್ಟರಲ್ಲಿ ಗಂಟೆಗೆ ಬರೀ 1 ಮೈಲಿ ವೇಗದ ಅಡ್ಡಗಾಳಿ ಅದನ್ನು ಒಂಬತ್ತು-ಹತ್ತು ಇಂಚು ಪಕ್ಕಕ್ಕೆ ತಳ್ಳುತ್ತದೆ. 1 ಮೈಲಿ ಗಾಳಿ ಅಂದರೆ ಊದುಬತ್ತಿಯ ಹೊಗೆ ಬಾಗುವಷ್ಟು. ಮುಖಕ್ಕೆ ತಾಗಿದ್ದೂ ಗೊತ್ತಾಗುವುದಿಲ್ಲ. ಅಷ್ಟನ್ನು ತಪ್ಪಾಗಿ ಓದಿದರೆ ಗುಂಡು ರೊಟ್ಟಿಯ ಆಚೆ. ಹೊಸಬರು 1 ಮೈಲಿ ಅಲ್ಲ, 3 ಮೈಲಿ ತಪ್ಪುತ್ತಾರೆ. ಅಲ್ಲಿ ಎರಡೂವರೆ ಇಂಚು ಯಾವ ಲೆಕ್ಕ?

ಗಾಳಿ ಓದುವುದು ಕಲಿಯಲು ನಮ್ಮ ಕಡೆಯ ಬೇಸಿಗೆಗಿಂತ ಒಳ್ಳೆಯ ಶಾಲೆ ಇಲ್ಲ. ಇದಕ್ಕೆ ಬಂದೂಕೇ ಬೇಡ. ಹೋದ ಮೇ ತಿಂಗಳಲ್ಲಿ ಮಧ್ಯಾಹ್ನ ಹೊಲದ ಬೇವಿನ ಮರದ ಕೆಳಗೆ ಕೂತು, ನನ್ನ ಹಳೆಯ ಸ್ಪಾಟಿಂಗ್ ಸ್ಕೋಪ್, ಅಂದರೆ ಸ್ಟ್ಯಾಂಡಿನ ಮೇಲಿಡುವ ದುರ್ಬೀನು, ಇಟ್ಟುಕೊಂಡು ದೂರದ ಕರೆಂಟ್ ಕಂಬ ನೋಡುತ್ತಿದ್ದೆ. ಉಳುಮೆ ಮಾಡಿದ ಎರೆಮಣ್ಣು ಕಾದ ಹಂಚಿನಂತಾಗಿತ್ತು. ಸ್ಕೋಪಿನ ಫೋಕಸ್ ಅನ್ನು ಕಂಬಕ್ಕಿಂತ ತುಸು ಈಚೆ ತಂದರೆ ಬಿಸಿಲ್ಗುದುರೆ ಕಾಣುತ್ತದೆ. ಎಡಗಡೆಯಿಂದ ಗಾಳಿ ಬಂದಾಗ ಅದು ಕಾಲುವೆಯ ನೀರಿನಂತೆ ಬಲಕ್ಕೆ ಹರಿಯುತ್ತದೆ. ಗಾಳಿ ಜೋರಾದರೆ ಅಲೆಗಳು ಚಪ್ಪಟೆಯಾಗಿ ಬೇಗ ಓಡುತ್ತವೆ. ಗಾಳಿ ನಿಂತಾಗ ಹರಿಯುವುದು ಬಿಟ್ಟು ಅನ್ನದ ಗಡಿಗೆಯಂತೆ ನೆಟ್ಟಗೆ ಮೇಲಕ್ಕೆ ಕುದಿಯುತ್ತದೆ. ಹೊಸಬ ಆಗಲೇ ಟ್ರಿಗರ್ ಎಳೆಯುತ್ತಾನೆ, ಗಾಳಿ ಇಲ್ಲ ಅಂತ. ಖರೇ ಅಂದರೆ ಅದು ಗಾಳಿ ದಿಕ್ಕು ಬದಲಿಸುವ ಹೊತ್ತು. ಗುಂಡು ಹಾದಿಯಲ್ಲಿದ್ದಾಗಲೇ ಅದು ಆ ಕಡೆಯಿಂದ ಬೀಸಿರುತ್ತದೆ. ಬ್ರಿಸ್ಬೇನಿನಲ್ಲೂ ಬಿಸಿಲಿಗೇನು ಬರವಿಲ್ಲ. ನಿಮ್ಮ ಸರದಿ ಇಲ್ಲದಾಗ ಮೊಬೈಲ್ ಬಿಟ್ಟು ಸ್ಕೋಪಿನಲ್ಲಿ ಕಣ್ಣಿಡಿ.

ಕಸ್ಟಮ್ ಈಗಲೇ ಬೇಡ ಅನ್ನಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಮ್ಮಪ್ಪ ಹೊಸ ಜೋಡಿ ಎತ್ತು ತಂದ ವರ್ಷ ನೊಗ ಮಾಡಿಸುತ್ತಿರಲಿಲ್ಲ. ಮನೆಯಲ್ಲಿದ್ದ ಹಳೆಯ ನೊಗದಲ್ಲೇ ಒಂದು ಹಂಗಾಮು ಹೂಡುತ್ತಿದ್ದ. ಯಾವುದು ಬಲಕ್ಕೆ ಜಗ್ಗುತ್ತದೆ, ಯಾವುದರ ಹೆಗಲು ತಗ್ಗು, ಎಲ್ಲಿ ಚರ್ಮ ಕೆಂಪಾಗುತ್ತದೆ ಅಂತ ನೋಡಿಕೊಂಡು, ಆಮೇಲೆ ಬಡಿಗೇರನ ಹತ್ತಿರ ಹೋಗಿ 'ಇಲ್ಲಿ ಎರಡು ಬೆರಳು ತೆಗಿ' ಅನ್ನುತ್ತಿದ್ದ. ಕಸ್ಟಮ್ ರೈಫಲ್ ಮಾಡಿಸಲು ಹೋದರೆ ಗನ್‌ಸ್ಮಿತ್ ನಿಮ್ಮನ್ನು ಇಪ್ಪತ್ತು ಪ್ರಶ್ನೆ ಕೇಳುತ್ತಾನೆ. ಕೆನ್ನೆ ಊರುವ ಹಲಗೆಯ ಎತ್ತರ ಎಷ್ಟು? ಟ್ರಿಗರ್ ಎಷ್ಟು ಹಗುರ ಬೇಕು? ಯಾವ ತೂಕದ ಗುಂಡು? ಅದಕ್ಕೆ ತಕ್ಕಂತೆ ಬ್ಯಾರೆಲ್ಲಿನ ಒಳಗೆರೆ ಎಷ್ಟು ಇಂಚಿಗೆ ಒಂದು ಸುತ್ತು? ಒಂದು ವರ್ಷ ಕ್ಲಬ್ ರೈಫಲ್ ಹೊಡೆದ ನಿಮಗೆ ಇವಕ್ಕೆ ನಿಮ್ಮದೇ ಉತ್ತರ ಇರುವುದಿಲ್ಲ. ಯಾರೋ ಹೇಳಿದ್ದನ್ನು ಹೇಳುತ್ತೀರಿ. ಆಗ ಆಗುವುದು ನಿಮ್ಮ ರೊಕ್ಕದಲ್ಲಿ ಅವರ ರೈಫಲ್.

ತಂಡದಲ್ಲಿದ್ದಾಗ ನಡೆದದ್ದೊಂದು ಹೇಳುತ್ತೇನೆ. 300 ಮೀಟರ್ ಅಭ್ಯಾಸ. ನಮ್ಮ ಒಬ್ಬ ಹವಾಲ್ದಾರನ ರೈಫಲ್ ಇದ್ದಕ್ಕಿದ್ದಂತೆ ಗುಂಪು ಬಿಚ್ಚಿತು. ನಿನ್ನೆವರೆಗೆ ನಡುವೆ ಬೀಳುತ್ತಿದ್ದದ್ದು ಇವತ್ತು ಎರಡು ಕಡೆ ಬೀಳುತ್ತಿದೆ. ಅವನು ಬ್ಯಾರೆಲ್ ಸತ್ತಿತು ಅಂದ. ಕೋಚ್ ಗುಂಡಿನ ಬ್ಯಾಚ್ ಸರಿಯಿಲ್ಲ ಅಂದರು. ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಬ್ಯಾರೆಲ್ ಬದಲಿಸಲು ಅಂತ ನಾನು ಕೀ ಹಾಕಿದರೆ, ಆ್ಯಕ್ಷನ್ನನ್ನು ಸ್ಟಾಕಿಗೆ ಹಿಡಿಯುವ ಮುಂದಿನ ಸ್ಕ್ರೂ ಅರ್ಧ ಸುತ್ತು ಸಡಿಲ. ಮರದ ಸ್ಟಾಕು, ಮಳೆಗಾಲ ಮುಗಿದು ಮರ ಒಣಗಿತ್ತು. ವಾರಕ್ಕೊಮ್ಮೆ ಅದನ್ನು ನೋಡಬೇಕಾದವನು ನಾನೇ. ನೋಡಿರಲಿಲ್ಲ. ಟಾರ್ಕ್ ಕೀಯಿಂದ ಬಿಗಿ ಮಾಡಿ ಕೊಟ್ಟೆ, ಐದು ಗುಂಡಿಗೆ ಸರಿಹೋಯಿತು. ಹತ್ತು ವರ್ಷ ಹೊಡೆದವರೇ ಎರಡು ದಿನ ಕತ್ತಲಲ್ಲಿ ತಡಕಾಡಿದರು. ನಾಲ್ಕು ಕಂಪನಿಯ ಸಾಮಾನು ಸೇರಿಸಿದ ಹೊಸ ಕಸ್ಟಮ್ ರೈಫಲ್‌ನಲ್ಲಿ ಹೀಗಾದರೆ ನೀವು ಯಾರನ್ನು ಕೇಳುತ್ತೀರಿ? ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಏನು ತಗೊಳ್ಳಬೇಕು ಅಂದರೆ, .308ರ ಒಂದು ಗಟ್ಟಿ ಫ್ಯಾಕ್ಟರಿ ರೈಫಲ್. ಕೊಳ್ಳುವ ಮುಂಚೆ ನಿಮ್ಮ ಕ್ಲಬ್ಬಿನ ಸ್ಪರ್ಧೆಯಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ಅಂತ ಕೇಳಿಕೊಳ್ಳಿ. ನೀವಿರುವ ಆಸ್ಟ್ರೇಲಿಯಾದಲ್ಲಿ ಇನ್ನೊಂದು ದಾರಿಯೂ ಇದೆ. ಅಡಿಲೇಡಿನಲ್ಲಿ ತಯಾರಾಗುತ್ತಿದ್ದ ಸ್ಪೋರ್ಟ್ಕೋ 44 ಅಂತ ಒಂದೇ ಗುಂಡಿನ ಹಳೆಯ ಟಾರ್ಗೆಟ್ ರೈಫಲ್. ಆಮೇಲೆ ಅದು ಓಮಾರ್ಕ್ ಹೆಸರಲ್ಲಿ ಬಂತು. ನೋಡಲು ಸುಂದರಿಯಲ್ಲ, ಕೆಲಸಕ್ಕೆ ಎಮ್ಮೆಯಂಥದ್ದು. ಕ್ಲಬ್ಬಿನ ಹಿರಿಯರ ಕಪಾಟಿನಲ್ಲಿ ಇರುತ್ತದೆ, ಕೇಳಿ ನೋಡಿ. ಬ್ಯಾರೆಲ್ ಎಷ್ಟು ಸವೆದಿದೆ ಅಂತ ಗನ್‌ಸ್ಮಿತ್ ಹತ್ತಿರ ಕ್ಯಾಮೆರಾ ಹಾಕಿಸಿ ನೋಡಿದ ಮೇಲೆ ರೊಕ್ಕ ಕೊಡಿ. ಉಳಿದ ರೊಕ್ಕದಲ್ಲಿ ಮೊದಲು ದುರ್ಬೀನು, ಆಮೇಲೆ ಗುಂಡು. ದುರ್ಬೀನಿನಲ್ಲಿ ಕಂಜೂಸಿ ಮಾಡಬೇಡಿ, ಅದು ಮುಂದಿನ ರೈಫಲ್‌ಗೂ ಬರುತ್ತದೆ.

ಬ್ಯಾರೆಲ್ ಅಂದರೆ ಬೈಕಿನ ಟೈರು. ಸವೆಯಲೇಬೇಕು. .308 ಆದರೆ 3000ದಿಂದ 5000 ಗುಂಡು ಸ್ಪರ್ಧೆಗೆ ಬರುತ್ತದೆ. ಕ್ಲಬ್ಬಿನಲ್ಲಿ ಯಾರೋ 6.5-284 ಅನ್ನುವ ಸಪೂರ ಗುಂಡಿನದು ತಗೋ, ಗಾಳಿ ಕಡಿಮೆ ಹಿಡಿಯುತ್ತದೆ ಅಂದಿರಬಹುದು. ಮಾತು ನಿಜವೇ. ಆದರೆ ಅದರ ಬ್ಯಾರೆಲ್ ಸಾವಿರ ಚಿಲ್ಲರೆ ಗುಂಡಿಗೆ ಮುಗಿಯುತ್ತದೆ. ನೀವು ಕಲಿಯುವ ಮುಂಚೆ ಅದು ಹೋಗಿರುತ್ತದೆ. .308 ಬ್ಯಾರೆಲ್ ಸವೆದ ದಿನ ನಿಮ್ಮ ಕಸ್ಟಮ್ ಕತೆ ಶುರು ಮಾಡಿ. ಅದೇ ಆ್ಯಕ್ಷನ್‌ಗೆ ಒಳ್ಳೆಯ ಬ್ಯಾರೆಲ್ ಕೂರಿಸಿಕೊಳ್ಳಬಹುದು, ಅರ್ಧ ಕಸ್ಟಮ್ ಅಲ್ಲೇ ಆಯಿತು.

ಅಲ್ಲಿವರೆಗೆ ಒಂದು ನೋಟ್‌ಬುಕ್ ಇಡಿ. ಟ್ರಿಗರ್ ಎಳೆದ ಕೂಡಲೇ, ಗುಂಡಿನ ಗುರುತು ಹಾಕಲು ಕೆಳಗಿಳಿಸಿದ ಗುರಿಫಲಕ ಮತ್ತೆ ಮೇಲೆ ಬರುವ ಮುಂಚೆ, ಗುಂಡು ಎಲ್ಲಿ ಬಿತ್ತು ಅಂತ ನಿಮ್ಮ ಅಂದಾಜು ಬರೆಯಿರಿ. ಆಮೇಲೆ ಖರೇ ಎಲ್ಲಿ ಬಿತ್ತು ಅಂತ ಬರೆಯಿರಿ. ಆರು ತಿಂಗಳ ನಂತರ ತೆಗೆದು ನೋಡಿ. ತಪ್ಪು ಎಡ-ಬಲಕ್ಕೇ ಜಾಸ್ತಿ ಇದ್ದರೆ ಅದು ಗಾಳಿ, ಅಂದರೆ ನೀವು. ಗಾಳಿಯ ಓದು ಸರಿಯಿದ್ದೂ ಗುಂಡು ಮೇಲೆ-ಕೆಳಗೆ ಚದುರುತ್ತಿದ್ದರೆ ಮೊದಲು ಗುಂಡನ್ನು ಸಂಶಯಪಡಿ, ಆಮೇಲೆ ರೈಫಲ್ಲನ್ನು. ಆಗ ಗನ್‌ಸ್ಮಿತ್ ಬಾಗಿಲು ತಟ್ಟಿ, ನಾನೇ ಬೇಡ ಅನ್ನುವುದಿಲ್ಲ. ಎಡಗೈಯವರಿಗೆ, ಆಳು ಭಾಳ ಎತ್ತರ ಅಥವಾ ಭಾಳ ಗಿಡ್ಡ ಇದ್ದವರಿಗೆ ಮಾತ್ರ ಮೊದಲೇ ಸ್ಟಾಕ್ ಮಾಡಿಸಿಕೊಳ್ಳಿ ಅನ್ನುತ್ತೇನೆ. ಕಣ್ಣು ಮುಚ್ಚಿ ರೈಫಲ್ ಮೇಲೆ ಮಲಗಿ, ಕಣ್ಣು ತೆರೆದಾಗ ಕತ್ತು ಹೊರಳಿಸದೆ ದುರ್ಬೀನಿನ ನಡುವೆ ಪೂರ್ತಿ ಬೆಳಕು ಕಂಡರೆ ಸ್ಟಾಕ್ ನಿಮ್ಮದೇ.

ಅಂದಹಾಗೆ, ನನ್ನ ಗೆಳೆಯರೊಬ್ಬರು ಹೊರದೇಶದಲ್ಲಿ ಕಸ್ಟಮ್‌ಗೆ ಮುಂಗಡ ಕೊಟ್ಟಿದ್ದರು. ಆರು ತಿಂಗಳು ಅಂದವರು ಹದಿನಾಲ್ಕು ತಿಂಗಳು ಮಾಡಿದರು. ಎರಡು ಹಂಗಾಮು ಸುಮ್ನೆ ಹೋದವು. ಮಾರಲು ಹೋದಾಗಲೂ ಕಷ್ಟ. ನಿಮ್ಮ ಕೆನ್ನೆಗೆ ಕೆತ್ತಿದ್ದು ಇನ್ನೊಬ್ಬರ ಕೆನ್ನೆಗೆ ಯಾಕೆ ಕೂರುತ್ತದೆ?

ಪ್ರಶ್ನೆ: ಮಗಳಿಗೆ 13 ವರ್ಷ. ಕಲಬುರಗಿಯಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಹೊರದೇಶದ ಮ್ಯಾಚ್ ರೈಫಲ್‌ಗೆ ಎರಡು ಲಕ್ಷದ ಮೇಲೆ ಹೇಳುತ್ತಿದ್ದಾರೆ. ಒಬ್ಬರು ಹಳೆಯದಕ್ಕೆ ಅವಳ ಅಳತೆಯ ಮರದ ಸ್ಟಾಕ್ ಮಾಡಿಸಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಬೇಡ. ಬೆಳೆಯುವ ಮಗುವಿಗೆ ಅಳತೆಯ ಸ್ಟಾಕ್ ಮಾಡಿಸುವುದು ಅಂದರೆ ಯುಗಾದಿಗೆ ಹೊಲಿಸಿದ ಅಂಗಿ ದೀಪಾವಳಿಗೆ ಹಾಕಿದ ಹಾಗೆ. ಮ್ಯಾಚ್ ಏರ್ ರೈಫಲ್‌ಗಳು ಫ್ಯಾಕ್ಟರಿಯಲ್ಲೇ ಕಸ್ಟಮ್ ಆಗಿ ಬರುತ್ತವೆ. ಕೆನ್ನೆಯ ಹಲಗೆ, ಭುಜದ ತಟ್ಟೆ, ಉದ್ದ, ಟ್ರಿಗರ್, ಎಲ್ಲವನ್ನೂ ಅಲೆನ್ ಕೀಯಲ್ಲಿ ತಿರುಗಿಸಬಹುದು. ಆರು ತಿಂಗಳಿಗೊಮ್ಮೆ ಕೋಚ್ ಜೊತೆ ಕೂತು ಅಳತೆ ಬದಲಿಸಿ, ಹಳೆಯ ಅಳತೆ ಬರೆದಿಡಿ. ಎಷ್ಟೇ ಸೇರಿಸಿದರೂ ಒಟ್ಟು ತೂಕ 5.5 ಕಿಲೋ ದಾಟಬಾರದು ಅಂತ ನಿಯಮ. ಅವಳಿಗೆ ಅಷ್ಟು ಭಾರ ಬೇಕಾಗಿಯೂ ಇಲ್ಲ, ಬೆನ್ನು ಮುಖ್ಯ.

ಸೆಕೆಂಡ್ ಹ್ಯಾಂಡ್ ತಗೊಳ್ಳಲು ನಾಚಿಕೆ ಬೇಡ. ಆದರೆ ಗಾಳಿ ತುಂಬುವ ಸಿಲಿಂಡರ್ ಮೇಲೆ ಕೊರೆದ ತಾರೀಖು ಓದಿ. ಅದರೊಳಗೆ 200 ಬಾರ್ ಒತ್ತಡ ಇರುತ್ತದೆ. ಸಾಮಾನ್ಯವಾಗಿ 10 ವರ್ಷದ ಅವಧಿ. ಅವಧಿ ಮುಗಿದದ್ದನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಮನೆಯಲ್ಲೂ ಇಟ್ಟುಕೊಳ್ಳುವಂಥದ್ದಲ್ಲ. ಹೊಸ ಸಿಲಿಂಡರ್ ಬೆಲೆ ಕೇಳಿಕೊಂಡು ಅಷ್ಟನ್ನು ಚೌಕಾಸಿ ಮಾಡಿ. ಮಿಕ್ಕ ರೊಕ್ಕ ಛರ್ರಾಕ್ಕೆ, ಅದೇ ಪೆಲೆಟ್‌ಗೆ. ಎಲ್ಲವೂ 4.5 ಮಿಲಿಮೀಟರ್ ಅನ್ನುತ್ತಾರೆ. ಆದರೆ ಡಬ್ಬಿಯ ಮೇಲೆ 4.49, 4.50, 4.51 ಅಂತ ಬೇರೆ ಬೇರೆ ಇರುತ್ತದೆ. ರೈಫಲ್ ಸ್ಟ್ಯಾಂಡಿಗೆ ಕಟ್ಟಿ ನಾಲ್ಕು ಡಬ್ಬಿ ಹೊಡೆದು ನೋಡಿದರೆ ಯಾವುದು ಅದರ ಬಾಯಿಗೆ ರುಚಿ ಅಂತ ಗೊತ್ತಾಗುತ್ತದೆ. ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಲ್ವಾ, ಇಲ್ಲಿ ಈ ಚಿಲ್ಲರೆಯೂ ಲೆಕ್ಕಕ್ಕೆ ಬರುತ್ತದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ತಂದದ್ದು ಇದೇ ಆಟದಲ್ಲಿ ಅಂತ ಮಗಳಿಗೆ ಗೊತ್ತಿರುತ್ತದೆ, ನೀವು ದಿನಾ ನೆನಪಿಸಬೇಡಿ.

ಪ್ರಶ್ನೆ: ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನವನು. ಅಜ್ಜನ ಕಾಲದ .315 ರೈಫಲ್ ಇದೆ. ಗೊತ್ತಿದ್ದ ಲೇತ್ ಅಂಗಡಿಯವನು ಹೊಸ ಬ್ಯಾರೆಲ್ ಹಾಕಿ ದೂರದ ಗುರಿಗೆ ಕಸ್ಟಮ್ ಮಾಡಿಕೊಡುತ್ತೇನೆ ಅನ್ನುತ್ತಾನೆ.

ಉತ್ತರ: ಲೇತ್ ಅಂಗಡಿಯವನಿಗೆ ಪಂಪ್‌ಸೆಟ್ ಶಾಫ್ಟ್ ಕೊಡಿ, ಇದನ್ನು ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಮಾಡುವುದಕ್ಕಷ್ಟೇ ಅಲ್ಲ, ರಿಪೇರಿಗೂ ಲೈಸೆನ್ಸ್ ಬೇಕು. ಅವನೂ ಒಳಗೆ ಹೋಗುತ್ತಾನೆ, ನೀವೂ ಹೋಗುತ್ತೀರಿ. ಕಾನೂನು ಬಿಡಿ, ಗುಂಡು ಸಿಡಿಯುವ ಒತ್ತಡ ನಿಮ್ಮ ಕಣ್ಣಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ಬ್ಯಾರೆಲ್ಲಿನ ಹಿಂದೆ ಗುಂಡು ಕೂರುವ ಕೋಣೆ ಒಂದು ಎಳೆ ತಪ್ಪಿದರೂ ಬೋಲ್ಟು ನಿಮ್ಮ ಕಡೆಗೇ ಬರುತ್ತದೆ.

ಇನ್ನೊಂದು ಮಾತು. 'ಅಜ್ಜನ ಕಾಲದ್ದು' ಅಂದಿರಿ. ಈಗ ಲೈಸೆನ್ಸ್ ಯಾರ ಹೆಸರಲ್ಲಿದೆ? ಅಜ್ಜ ಇಲ್ಲದಿದ್ದರೆ ಮೊದಲು ಅದನ್ನು ಠಾಣೆಯಲ್ಲಿ ಜಮಾ ಮಾಡಿ, ವಾರಸುದಾರ ಅಂತ ಅರ್ಜಿ ಹಾಕಿ. .315 ಹೊಲ ಕಾಯುವುದಕ್ಕೆ ಒಳ್ಳೆಯ ಬಂದೂಕು, ಗುರಿ ಆಟದ್ದಲ್ಲ. ಗುರಿ ಆಟ ಬೇಕಿದ್ದರೆ 4.5 ಮಿಲಿಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ. 20 ಜೂಲ್ ಒಳಗಿದ್ದರೆ ಅದಕ್ಕೆ ಲೈಸೆನ್ಸ್ ಬೇಡ.

ಪ್ರಶ್ನೆ: ನಾನು ಕಲಬುರಗಿಯ ಎನ್‌ಸಿಸಿ ಕೆಡೆಟ್. ಬ್ಯಾರೆಲ್ ಉದ್ದ ಇದ್ದಷ್ಟೂ ಗುರಿ ಪಕ್ಕಾ ಅಂತಾರೆ. ನಿಜವೇ?

ಉತ್ತರ: ಉದ್ದಕ್ಕೂ ಪಕ್ಕಾತನಕ್ಕೂ ನೇರ ಸಂಬಂಧವಿಲ್ಲ. ಉದ್ದ ಬ್ಯಾರೆಲ್‌ನಲ್ಲಿ ಗುಂಡಿಗೆ ವೇಗ ಜಾಸ್ತಿ ಸಿಗುತ್ತದೆ. ದೂರದ ಆಟದಲ್ಲಿ ಅದು ಬೇಕು, ಅದಕ್ಕೇ 30 ಇಂಚಿನ ಬ್ಯಾರೆಲ್ ಹಾಕುತ್ತಾರೆ. ದುರ್ಬೀನಿಲ್ಲದ ರೈಫಲ್‌ನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಜಾಸ್ತಿಯಾದರೆ ಕಣ್ಣಿನ ತಪ್ಪು ಕಡಿಮೆಯಾಗುತ್ತದೆ. ಅಷ್ಟೇ. ಗಿಡ್ಡ, ದಪ್ಪ ಬ್ಯಾರೆಲ್ ಕಡಿಮೆ ಅದುರುತ್ತದೆ, ಗುಂಪೂ ಚೆನ್ನಾಗಿ ಕಟ್ಟುತ್ತದೆ. ನೀವು ಕ್ಯಾಂಪಿನಲ್ಲಿ ಹೊಡೆಯುವ .22ಗೆ ಇದ್ಯಾವುದೂ ತಲೆಬಿಸಿ ಬೇಡ, ಉಸಿರು ಮತ್ತು ಟ್ರಿಗರ್ ನೋಡಿಕೊಳ್ಳಿ.

ಉದ್ದವೇ ಎಲ್ಲ ಆಗಿದ್ದರೆ ನಮ್ಮ ಕಲಬುರಗಿ ಕೋಟೆಯ ಬಾರಾ ಗಜ್ ತೋಪು 29 ಅಡಿ ಇದೆ, ಅದನ್ನೇ ಒಲಿಂಪಿಕ್ಸಿಗೆ ಕಳಿಸಬಹುದಿತ್ತು. ನೋಡಲು ಹೋದರೆ ಬೆಳಿಗ್ಗೆ ಹೋಗಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೇ ತಿಂಗಳ ಮಧ್ಯಾಹ್ನ ಚಡ್ಡಿಯಲ್ಲಿ ಅದರ ಮೇಲೆ ಹತ್ತಿ ಕೂತಿದ್ದೆ. ಆಮೇಲೆ ಎರಡು ದಿನ ಕ್ಲಾಸಿನಲ್ಲಿ ನಿಂತೇ ಪಾಠ ಕೇಳಿದೆ.